ಹಳೆ ಟೆಂಟು, ಬ್ಯಾಗು, ಸ್ಟವ್: ವಾರಂಟಿಗೆ ಕಳಿಸಬೇಕಾ, ಬೇರೆ ದಾರಿ ನೋಡಬೇಕಾ?

ಟೆಂಟಿನ ಜಿಪ್ ಹೋಗಿದೆ. ಇಲ್ಲವೇ ಬ್ಯಾಗಿನ ಸೊಂಟದ ಪಟ್ಟಿ ಕಿತ್ತು ಬಂದಿದೆ, ಅಥವಾ ರಾತ್ರಿ ಗಾಳಿ ತುಂಬಿದ ಮ್ಯಾಟ್ ಬೆಳಗಾಗುವ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಕೊಂಡು ಎಷ್ಟೋ ವರ್ಷ ಆಯಿತು, ಆದರೆ ಟ್ಯಾಗಿನ ಮೇಲೆ 'ಲೈಫ್‌ಟೈಮ್ ವಾರಂಟಿ' ಅಂತ ಇದ್ದದ್ದು ಚೆನ್ನಾಗಿ ನೆನಪಿದೆ. ಈಗ ಕಂಪನಿಗೆ ಕಳಿಸಬೇಕಾ, ಬ್ಯಾಗ್ ಹೊಲಿಯುವವರ ಹತ್ತಿರ ಕೊಡಬೇಕಾ, ನಾವೇ ಅಂಟು ಹಚ್ಚಿ ನೋಡಬೇಕಾ, ಇಲ್ಲ ಹೊಸದೇ ತಗೊಂಡುಬಿಡೋದಾ? ಈ ಪ್ರಶ್ನೆ ಕೇಳುವವರು ತುಂಬ ಜನ. ಅವರಲ್ಲಿ ಎಷ್ಟೋ ಜನ ಕೇಳುವ ಹೊತ್ತಿಗೆ ಅಂಟು ಹಚ್ಚಿ ಆಗಿರುತ್ತದೆ, ಅದು ಬೇರೆ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರಂಟಿ ಇರುವುದು ತಯಾರಿಸುವಾಗ ಆದ ತಪ್ಪಿಗೆ. ವಯಸ್ಸಾಗಿ ಸವೆದದ್ದಕ್ಕೆ ಹೆಚ್ಚಿನವರು ಜವಾಬ್ದಾರಿ ತಗೊಳ್ಳುವುದಿಲ್ಲ. ಹಾಗಾಗಿ ಹಳೆ ಸಾಮಾನಿನ ವಿಷಯದಲ್ಲಿ ಕಂಪನಿಯಿಂದ ಸಿಗುವ ನಿಜವಾದ ಲಾಭ ಅಂದರೆ ಅವರ ಬಳಿ ಇರುವ ಬಿಡಿಭಾಗಗಳು. ಫ್ರೀ ರಿಪೇರಿ ಸಿಕ್ಕರೆ ಸಂತೋಷ, ಆದರೆ ಅದನ್ನೇ ನಂಬಿಕೊಂಡು ಕೂತರೆ ಟ್ರಿಪ್ಪಿನ ಕಾಲ ಮುಗಿದುಹೋಗುತ್ತದೆ.

ಮೊದಲು ಇಷ್ಟು ನೋಡಿಕೊಳ್ಳಿ

ಎಲ್ಲಕ್ಕಿಂತ ಮುಂಚೆ, ಇದು ತಯಾರಿಕೆಯ ದೋಷವೋ ಬಳಸಿ ಸವೆದದ್ದೋ ಅಂತ ತೀರ್ಮಾನಿಸಿ. ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ, ಆದರೆ ಗುರುತು ಸಿಗುತ್ತದೆ. ಹೊಲಿಗೆ ಬಿಟ್ಟ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಗಟ್ಟಿಯಾಗಿದ್ದು ದಾರ ಮಾತ್ರ ತುಂಡಾಗಿದ್ದರೆ, ಅಥವಾ ಹೊಲಿಗೆ ಬಟ್ಟೆಯ ಅಂಚಿಗೆ ತೀರಾ ಹತ್ತಿರ ಬಿದ್ದು ಎಳೆಗಳು ಜಾರಿಕೊಂಡಿದ್ದರೆ, ಕಂಪನಿಯ ತಪ್ಪು ಅಂತ ಧೈರ್ಯವಾಗಿ ಕೇಳಬಹುದು. ಸುತ್ತಲಿನ ಬಟ್ಟೆಯೇ ಬಣ್ಣಗೆಟ್ಟು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಪರ್ರೆಂದು ಹರಿಯುತ್ತಿದ್ದರೆ ಅದು ಬಿಸಿಲಿನ ಕೆಲಸ. ನೈಲಾನ್ ಆಗಲಿ ಪಾಲಿಯೆಸ್ಟರ್ ಆಗಲಿ, ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಲ ಕಳೆದುಕೊಳ್ಳುತ್ತದೆ. ವಾರಂಟಿ ಚೀಟಿಯಲ್ಲಿ ಇದನ್ನು ಸಾಮಾನ್ಯವಾಗಿ ಹೆಸರು ಹಿಡಿದೇ ಹೊರಗಿಟ್ಟಿರುತ್ತಾರೆ.

ಎರಡನೆಯದು, ಕೊಂಡವರು ನೀವೇನಾ? ಹೆಚ್ಚಿನ ವಾರಂಟಿಗಳು ಮೊದಲು ಕೊಂಡವರಿಗೆ ಮಾತ್ರ. ಸೆಕೆಂಡ್‌ ಹ್ಯಾಂಡ್ ತಗೊಂಡಿದ್ದರೆ, ಮಾವನೋ ಗೆಳೆಯನೋ ಕೊಟ್ಟಿದ್ದರೆ ಕಥೆ ಅಲ್ಲೇ ಮುಗಿಯಬಹುದು. ಬಿಲ್ ಇಲ್ಲದಿದ್ದರೂ ಪೂರ್ತಿ ಕೈಬಿಡಬೇಡಿ, ಕೊಂಡ ಕಾಲದ ಇಮೇಲ್, ಬ್ಯಾಂಕಿನ ಹಳೆ ಸ್ಟೇಟ್‌ಮೆಂಟ್ ಹುಡುಕಿ. ವಸ್ತುವಿನ ವಯಸ್ಸು ಅದರ ಮೇಲೇ ಬರೆದಿರುವುದೂ ಉಂಟು. ಟೆಂಟ್, ಬ್ಯಾಗುಗಳಲ್ಲಿ ಒಳ ಹೊಲಿಗೆಗೆ ಸೇರಿಸಿದ ಚಿಕ್ಕ ಬಿಳಿ ಪಟ್ಟಿಯಲ್ಲಿ ಮಾಡೆಲ್, ತಯಾರಿಕೆಯ ಸಂಖ್ಯೆ ಇರುತ್ತದೆ. ಹಳೆ ಕೋಲ್ಮನ್ ಲಾಂದ್ರಗಳ ತಳ ತಿರುಗಿಸಿ ನೋಡಿದರೆ ತಿಂಗಳು, ವರ್ಷದ ಅಂಕಿ ಒತ್ತಿರುವುದು ಕಾಣುತ್ತದೆ.

ಆಮೇಲೆ ಸಾಗಣೆ ಖರ್ಚು. ಕಳಿಸುವ ಖರ್ಚು ಬಹುತೇಕ ನಿಮ್ಮದೇ, ವಾಪಸ್ ಕಳಿಸುವುದು ಮಾತ್ರ ಕಂಪನಿಯದು. ರಿಪೇರಿ ಕೇಂದ್ರ ಬೇರೆ ದೇಶದಲ್ಲಿದ್ದರೆ ಕೊರಿಯರ್ ಜೊತೆ ಸುಂಕದ ತಲೆನೋವೂ ಸೇರುತ್ತದೆ, ಕಾಗದದಲ್ಲಿ 'ರಿಪೇರಿಗೆ ಹೋಗಿ ಬಂದ ಸ್ವಂತ ವಸ್ತು' ಅಂತ ಸರಿಯಾಗಿ ಬರೆಯದಿದ್ದರೆ ನಿಮ್ಮದೇ ಟೆಂಟಿಗೆ ನೀವೇ ಆಮದು ಸುಂಕ ಕಟ್ಟಬೇಕಾಗಿ ಬಂದೀತು. ಒಂದು ಬಕಲ್‌ಗೋಸ್ಕರ ಇಡೀ ಬ್ಯಾಗನ್ನು ಸಮುದ್ರ ದಾಟಿಸುವುದು ಮೂಗಿಗಿಂತ ಮೂಗುತಿ ಭಾರ ಅನ್ನುವ ಲೆಕ್ಕ.

ಸಮಯ ಇನ್ನೊಂದು. ಎಲ್ಲರೂ ಹೊರಡುವ ಕಾಲಕ್ಕೆ ಸರಿಯಾಗಿ ಎಲ್ಲರ ಟೆಂಟೂ ರಿಪೇರಿಗೆ ಬಂದಿರುತ್ತವೆ, ಆಗ ವಾರಗಳೇ ಹಿಡಿಯುತ್ತವೆ. ಟ್ರಿಪ್ ಮುಗಿಸಿ ಬಂದ ತಕ್ಷಣ ಕಳಿಸುವವರು ಜಾಣರು.

ಕೆಟ್ಟರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ. ಬ್ಯಾಗಿನ ಹೊರಜೇಬು ಹರಿದರೆ ಕಿರಿಕಿರಿ ಅಷ್ಟೇ, ಸ್ಟವ್ ಸೋರಿದರೆ ಬೆಂಕಿ.

ಜನ ಮರೆತೇಬಿಡುವ ಮಾತೊಂದಿದೆ. ವಾರಂಟಿಯಲ್ಲಿ ರಿಪೇರಿ ಮಾಡಬೇಕೋ ಬದಲಿ ಕೊಡಬೇಕೋ ಅನ್ನುವುದು ಸಾಮಾನ್ಯವಾಗಿ ಕಂಪನಿಯ ಆಯ್ಕೆ. ಬದಲಿ ಕೊಟ್ಟರೆ ಹಳೆಯದು ವಾಪಸ್ ಬರುವುದಿಲ್ಲ. ಆ ಹಳೆ ಬ್ಯಾಗೇ ಬೇಕು, ಈಗಿನ ಮಾಡೆಲ್ ಬೆನ್ನಿಗೆ ಕೂರಲ್ಲ ಅನ್ನುವವರು ಇದನ್ನು ಮೊದಲೇ ಬರೆದು ಕೇಳಬೇಕು.

ವಾರಂಟಿ ಕ್ಲೇಮ್

ಫ್ರೀ, ಮೂಲ ಬಟ್ಟೆ, ಮೂಲ ಹೊಲಿಗೆ. ಕೇಳಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಆ ಮಾತಿನೊಳಗೆ ಏನೇನಿದೆ ನೋಡಿ. 'ಲೈಫ್‌ಟೈಮ್' ಅಂದರೆ ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ವಸ್ತು ಬಾಳಿಕೆ ಬರಬೇಕಾದಷ್ಟು ಕಾಲ, ನಿಮ್ಮ ಜೀವಮಾನ ಅಲ್ಲ. ಎಷ್ಟು ಕಾಲ ಬಾಳಿಕೆ ಬರಬೇಕು ಅಂತ ಹೇಳುವವರೂ ಅವರೇ. ಇನ್ನು ವಾರಂಟಿ ಚೀಟಿಗಳಲ್ಲಿ ಕಾಣುವ 'ಲಿಮಿಟೆಡ್' ಅನ್ನುವ ಪದ ಅಲಂಕಾರಕ್ಕೆ ಬಂದದ್ದಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ, ಬರಹದಲ್ಲಿ ಕೊಡುವ ವಾರಂಟಿ 'ಫುಲ್' ಆಗಿದೆಯೋ 'ಲಿಮಿಟೆಡ್' ಆಗಿದೆಯೋ ಎಂದು ಸ್ಪಷ್ಟವಾಗಿ ಹಾಕಬೇಕು ಅಂತ ಹೇಳಿತು. ಅಲ್ಲಿನ ಕಂಪನಿಗಳ ಕ್ಯಾಂಪಿಂಗ್ ಸಾಮಾನಿನಲ್ಲಿ ನೀವು ಹೆಚ್ಚಾಗಿ ನೋಡುವುದು ಎರಡನೆಯದನ್ನೇ.

ನಿಯಮ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಎಷ್ಟು ವರ್ಷವಾದರೂ ವಾಪಸ್ ತಗೊಳ್ಳುತ್ತಿದ್ದ ಅಮೆರಿಕದ ಕ್ಯಾಂಪಿಂಗ್ ಸಾಮಾನಿನ ಅಂಗಡಿ ಆರ್‌ಇಐ 2013ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿತು, ಎಲ್.ಎಲ್. ಬೀನ್ 2018ರಲ್ಲಿ ಅದೇ ದಾರಿ ಹಿಡಿಯಿತು. ಎರಡೂ ಅಂಗಡಿಯ ವಾಪಸಾತಿ ನಿಯಮಗಳು, ವಾರಂಟಿ ಅಲ್ಲ, ಆದರೆ ಪಾಠ ಒಂದೇ: ಹತ್ತು ವರ್ಷದ ಹಿಂದೆ ಗೆಳೆಯನಿಗೆ ಹೊಸ ಟೆಂಟ್ ಸಿಕ್ಕಿತು ಅಂದರೆ ಇವತ್ತು ನಿಮಗೂ ಸಿಗುತ್ತದೆ ಅಂತಲ್ಲ. ಕಳಿಸುವ ಮುಂಚೆ ಈಗಿನ ನಿಯಮ ಓದಿ, ನೀವು ಕೊಂಡ ಕಾಲದ ಚೀಟಿ ಸಿಕ್ಕರೆ ಅದನ್ನೂ ಜೊತೆಗಿಡಿ.

ಕ್ಲೇಮ್ ಗೆಲ್ಲುವುದು ಅರ್ಧ ಫೋಟೋದಲ್ಲಿ. ಇಡೀ ವಸ್ತುವಿನ ಒಂದು ಫೋಟೋ, ಹಾಳಾದ ಜಾಗದ್ದು ಹತ್ತಿರದಿಂದ ಒಂದು, ಒಳಗಿನ ಲೇಬಲ್‌ದು ಒಂದು. ಹಾಳಾದ ಜಾಗದ ಪಕ್ಕ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ಬರೆಯುವಾಗ ಗೋಳಾಡಬೇಡಿ, ಜಗಳಕ್ಕೂ ಇಳಿಯಬೇಡಿ. 'ಬಲ ಭುಜದ ಪಟ್ಟಿ ಬ್ಯಾಗಿಗೆ ಸೇರುವಲ್ಲಿ ಹೊಲಿಗೆ ಬಿಟ್ಟಿದೆ, ಬಟ್ಟೆ ಹರಿದಿಲ್ಲ, ಇಂಥ ವರ್ಷ ಕೊಂಡದ್ದು, ರಿಪೇರಿ ಸಾಧ್ಯವೇ, ಇಲ್ಲದಿದ್ದರೆ ಪಟ್ಟಿ ಮಾತ್ರ ಬಿಡಿಯಾಗಿ ಸಿಗುತ್ತದೆಯೇ' ಅಂತ ಬರೆದರೆ ಸಾಕು. ಆ ಕೊನೆಯ ಪ್ರಶ್ನೆ ಬಿಡಬೇಡಿ. ಎಷ್ಟೋ ಸಲ ರಿಪೇರಿಗೆ ಇಲ್ಲ ಅನ್ನುವವರು ಪಾರ್ಟ್ ಕೇಳಿದರೆ ಸುಮ್ನೆ ಕಳಿಸಿಕೊಡುತ್ತಾರೆ, ಬಕಲ್‌ನಂಥ ಚಿಕ್ಕದಕ್ಕೆ ದುಡ್ಡನ್ನೂ ಕೇಳದೆ.

ತೊಳೆದೇ ಕಳಿಸಿ. ಕೊಳಕು ಸಾಮಾನನ್ನು ಮುಟ್ಟದೆ ವಾಪಸ್ ಕಳಿಸುತ್ತಾರೆ, ಇಲ್ಲವೇ ತೊಳೆದು ಅದರ ಬಿಲ್ ಹಾಕುತ್ತಾರೆ. ಸ್ಟವ್ ಆದರೆ ಇಂಧನದ ವಾಸನೆಯೂ ಇರಬಾರದು, ಕೊರಿಯರ್‌ನವರೇ ಮುಟ್ಟುವುದಿಲ್ಲ. ಗ್ಯಾಸ್ ಕ್ಯಾನ್ ಅಂತೂ ಜೊತೆಗೆ ಹಾಕಲೇಬಾರದು.

ಮುಖ್ಯವಾದದ್ದು ಇನ್ನೊಂದಿದೆ. ಕ್ಲೇಮ್ ಮಾಡುವ ಯೋಚನೆ ಇದ್ದರೆ ಅಂಟು, ಟೇಪು, ಸೂಜಿ ಯಾವುದನ್ನೂ ಮುಟ್ಟಬೇಡಿ. ನೀವು ರಿಪೇರಿ ಮಾಡಿದ ಜಾಗದ ಅಡಿಯಲ್ಲಿ ಏನಿತ್ತು ಅಂತ ಅವರಿಗೆ ಕಾಣುವುದಿಲ್ಲ, 'ಗ್ರಾಹಕರು ಬದಲಾಯಿಸಿದ್ದಾರೆ' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೇ ಹೇಳುವುದು, ದಾರಿಗಳ ಆಯ್ಕೆಗಿಂತ ಅವುಗಳ ಕ್ರಮ ಮುಖ್ಯ. ಮೊದಲು ಕೇಳಿ, ಆಮೇಲೆ ಅಂಟು.

ಕಂಪನಿಯಲ್ಲೇ, ಆದರೆ ದುಡ್ಡು ಕೊಟ್ಟು

ಇದನ್ನು ಕೇಳುವವರೇ ಕಡಿಮೆ. ವಾರಂಟಿ ಇಲ್ಲ ಅಂದ ಕೂಡಲೇ ಜನ ಫೋನ್ ಇಡುತ್ತಾರೆ. ಪಾಟಗೋನಿಯಾ, ಹಿಲ್ಲೆಬರ್ಗ್ ಥರದ ಕಂಪನಿಗಳಿಗೆ ತಮ್ಮದೇ ರಿಪೇರಿ ವಿಭಾಗ ಇದೆ. ಪಾಟಗೋನಿಯಾದ ದೊಡ್ಡ ರಿಪೇರಿ ಕೇಂದ್ರ ಅಮೆರಿಕದ ರೆನೋ ಊರಿನಲ್ಲಿದೆ. ಇಂಥ ಕಡೆ ಕೂತವರು ಅದೇ ಮಾಡೆಲ್‌ಗಳನ್ನು ದಿನವೂ ಬಿಚ್ಚಿ ಹೊಲಿಯುವವರು. ಯಾವ ಹೊಲಿಗೆ ಬಿಚ್ಚಿದರೆ ಟೆಂಟಿನ ಆಕಾರ ಕೆಡುವುದಿಲ್ಲ ಅಂತ ಗೊತ್ತಿರುತ್ತದೆ.

ಯಾರಿಗೆ ಇದು ಸರಿ? ದುಬಾರಿ ಟೆಂಟ್ ಇಟ್ಟುಕೊಂಡವರಿಗೆ, ಇಡೀ ಜಿಪ್ ಬದಲಾಯಿಸುವಂಥ ದೊಡ್ಡ ಕೆಲಸಕ್ಕೆ, ಆತುರ ಇಲ್ಲದವರಿಗೆ. ಖರ್ಚು ಹೊಸದರ ಬೆಲೆಯ ಮೂರನೇ ಒಂದು ಭಾಗ ದಾಟದಿದ್ದರೆ ನಾನು ಕಣ್ಣು ಮುಚ್ಚಿ ಮಾಡಿಸು ಅನ್ನುತ್ತೇನೆ. ಅರ್ಧ ದಾಟಿದರೆ ಬಟ್ಟೆಯ ಸ್ಥಿತಿ ನೋಡಿ. ಹೊಸ ಜಿಪ್ಪನ್ನು ಸತ್ತ ಬಟ್ಟೆಗೆ ಹೊಲಿಸಿ ಏನು ಪ್ರಯೋಜನ? ಒಂದು ಸಣ್ಣ ವಿಷಯ: ಹಳೆ ಬಣ್ಣದ ಬಟ್ಟೆ ಅವರ ಬಳಿಯೂ ಉಳಿದಿರುವುದಿಲ್ಲ, ಹಸಿರು ಟೆಂಟಿಗೆ ಕಿತ್ತಳೆ ತೇಪೆ ಬಂದರೆ ಬೇಜಾರಾಗಬೇಡಿ.

ಪಾರ್ಟ್ ತರಿಸಿ ನಾವೇ

ನನ್ನ ಒಲವು ಇದರ ಕಡೆಗೇ, ಮುಚ್ಚಿಡುವುದಿಲ್ಲ. ಹಳೆ ಸಾಮಾನಿನಲ್ಲಿ ಹೋಗುವುದು ಹೆಚ್ಚಾಗಿ ಚಿಕ್ಕ ಚಿಕ್ಕ ಭಾಗಗಳೇ: ಜಿಪ್ಪಿನ ಸ್ಲೈಡರ್, ಬಕಲ್, ಟೆಂಟಿನ ಪೋಲಿನ ಒಳಗಿನ ಎಲಾಸ್ಟಿಕ್ ದಾರ, ಸ್ಟವ್‌ನ ರಬ್ಬರ್ ವಾಷರ್.

ಜಿಪ್ಪಿನ ವಿಷಯವನ್ನೇ ತಗೊಳ್ಳಿ. ಸ್ಲೈಡರ್ ಎಳೆದುಕೊಂಡು ಹೋದ ಮೇಲೂ ಹಿಂದೆ ಹಲ್ಲುಗಳು ಬಾಯಿ ಬಿಟ್ಟುಕೊಂಡೇ ಇದ್ದರೆ ಜನ ಜಿಪ್ ಹೋಯಿತು ಅನ್ನುತ್ತಾರೆ. ಬಹಳ ಸಲ ಹಲ್ಲು ಸರಿಯಾಗೇ ಇರುತ್ತದೆ, ಮಣ್ಣು ಮರಳು ಉಜ್ಜಿ ಉಜ್ಜಿ ಸ್ಲೈಡರ್‌ನ ಬಾಯಿ ಅಗಲವಾಗಿರುತ್ತದೆ. ಇಕ್ಕಳ ತಗೊಂಡು ಸ್ಲೈಡರ್‌ನ ಹಿಂಬದಿಯ ಎರಡು ಅಂಚನ್ನು ಒಂದೊಂದಾಗಿ ಮೆತ್ತಗೆ ಒತ್ತಿ ನೋಡಿ. ಜಾಸ್ತಿ ಒತ್ತಿದರೆ ಮುರಿಯುತ್ತದೆ. ಇದು ತಾತ್ಕಾಲಿಕ, ಒಂದೆರಡು ಟ್ರಿಪ್ ನಡೆಯುತ್ತದೆ. ಶಾಶ್ವತವಾಗಿ ಆಗಬೇಕಾದರೆ ಹೊಸ ಸ್ಲೈಡರ್ ಬೇಕು. ಹಳೆಯದನ್ನು ಮಗುಚಿದರೆ ಹಿಂದೆ 3, 5, 8, 10 ಹೀಗೆ ಅಳತೆಯ ಅಂಕಿ ಕಾಣುತ್ತದೆ, ವೈಕೆಕೆ ಆಗಿದ್ದರೆ ಕಂಪನಿಯ ಹೆಸರೂ ಇರುತ್ತದೆ. ಅದೇ ಕಂಪನಿಯ ಅದೇ ಅಳತೆಯದೇ ಬೇಕು. ಜಿಪ್ಪಿನ ತುದಿಯ ನಾಲ್ಕು ಹೊಲಿಗೆ ಬಿಚ್ಚಿ, ಹಳೆಯದನ್ನು ಜಾರಿಸಿ ತೆಗೆದು, ಹೊಸದನ್ನು ಎರಡೂ ಕಡೆ ಸಮವಾಗಿ ಏರಿಸಿ, ತುದಿಯನ್ನು ಮತ್ತೆ ಹೊಲಿದರೆ ಮುಗಿಯಿತು. ಇಷ್ಟಕ್ಕೆ ಟೆಂಟನ್ನು ವಾರಗಟ್ಟಲೆ ಕಳಿಸಿಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಪೋಲ್ ಮುರಿದರೆ ಮುರಿದ ತುಂಡೊಂದನ್ನೇ ತರಿಸಬಹುದು. ಟೆಂಟಿನ ಹೆಸರು ಯಾವುದೇ ಇರಲಿ, ಪೋಲ್ ಮಾಡುವವರು ಬೇರೆ; ಎಷ್ಟೋ ದೊಡ್ಡ ಬ್ರ್ಯಾಂಡ್‌ಗಳಿಗೆ ಅಲ್ಯೂಮಿನಿಯಂ ಪೋಲ್ ಹೋಗುವುದು ಕೊರಿಯಾದ ಡಿಎಸಿ ಕಂಪನಿಯಿಂದ. ಹಾಗಾಗಿ ಟೆಂಟ್ ಕಂಪನಿ ಮಾಡೆಲ್ ನಿಲ್ಲಿಸಿದ್ದರೂ ಹೊರ ವ್ಯಾಸ ಅಳೆದು, 8.5 ಮಿ.ಮೀ. ಅಂತಲೋ 9 ಮಿ.ಮೀ. ಅಂತಲೋ ಹೇಳಿದರೆ ಹೊಂದುವ ತುಂಡು ಸಿಗುವ ಸಾಧ್ಯತೆ ಇದೆ. ಅಂದಾಜಿಗೆ ಹೇಳಬೇಡಿ, ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ಒಂದರೊಳಗೆ ಒಂದು ಕೂರುವುದಿಲ್ಲ.

ಅಂಟಿನಲ್ಲಿ ಒಂದು ಎಚ್ಚರ. ಟೆಂಟಿನ ಬಟ್ಟೆಗೆ ಪಾಲಿಯುರೆಥೇನ್ ಲೇಪ ಇದ್ದರೆ ಅದಕ್ಕೆ ಒಂದು ಅಂಟು, ಸಿಲಿಕೋನ್ ಲೇಪ ಇದ್ದರೆ ಇನ್ನೊಂದು. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ಗೇರ್ ಏಡ್‌ನವರ ಸೀಮ್ ಗ್ರಿಪ್ ಅಂಟಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಬಗೆ ಇರುವುದು ಇದೇ ಕಾರಣಕ್ಕೆ. ಒಳಗೆ ಹೊಲಿಗೆಯ ಮೇಲೆ ಪಾರದರ್ಶಕ ಟೇಪ್ ಅಂಟಿಸಿದ್ದರೆ ಆ ಬದಿ ಪಾಲಿಯುರೆಥೇನ್ ಅಂತ ತಿಳಿಯಿರಿ.

ಸ್ಟವ್‌ನಲ್ಲಿ ಈ ದಾರಿ ಚೆನ್ನ, ಆದರೆ ಮೂಲ ಪಾರ್ಟ್ ಇದ್ದರೆ ಮಾತ್ರ. ಎಮ್ಎಸ್ಆರ್‌ನ ವಿಸ್ಪರ್‌ಲೈಟ್ 1984ರಿಂದ ಇರುವ ಸ್ಟವ್, ಅದರ ವಾಷರ್, ಪಂಪಿನ ಬಟ್ಟಲು ಎಲ್ಲ ಸೇರಿದ ರಿಪೇರಿ ಕಿಟ್ ಇವತ್ತಿಗೂ ಸಿಗುತ್ತದೆ. ಹಳೆ ಪಂಪ್ ಒತ್ತಿದರೂ ಗಾಳಿ ಕಟ್ಟುತ್ತಿಲ್ಲವೇ? ಕೊಳವೆ ಹೊರಗೆಳೆದು ತುದಿಯ ಚರ್ಮದ ಬಟ್ಟಲು ನೋಡಿ. ಒಣಗಿ ಮುರುಟಿಕೊಂಡಿರುತ್ತದೆ. ಎರಡು ಹನಿ ಎಣ್ಣೆ ಸವರಿ ಬೆರಳಿನಿಂದ ಅಂಚನ್ನು ಹೊರಕ್ಕೆ ಅರಳಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಇದಕ್ಕೆ ವಾರಂಟಿ ಕೇಳಿದರೆ ಅವರೂ ಇದನ್ನೇ ಹೇಳುವುದು. ಆದರೆ ಹೇಗೋ ಹೊಂದುತ್ತದೆ ಅಂತ ಯಾವುದೋ ನಲ್ಲಿಯ ವಾಷರ್ ಹಾಕಬೇಡಿ, ಪೆಟ್ರೋಲ್‌ಗೆ ಅದು ಉಬ್ಬಿ ಸೋರುತ್ತದೆ. ವಾಲ್ವ್ ಬಾಡಿ ಬಿರುಕು ಬಿಟ್ಟಿದ್ದರೆ ಕೈಯೇ ಹಾಕಬೇಡಿ.

ಹೊರಗಿನ ರಿಪೇರಿಯವರು

ಬ್ಯಾಗ್ ಹೊಲಿಯುವವರು, ಚರ್ಮದ ಕೆಲಸದವರು, ದಪ್ಪ ಬಟ್ಟೆಗೆ ಮಷೀನ್ ಇರುವ ಟೈಲರ್. ಬೇಗ ಆಗುತ್ತದೆ, ಕಣ್ಣೆದುರೇ ಆಗುತ್ತದೆ. ಬ್ಯಾಗಿನ ಪಟ್ಟಿ, ಹಿಡಿ, ಬಕಲ್ ಹೊಲಿಗೆಗೆ ಇವರಿಗಿಂತ ಬೇರೆ ಬೇಡ. ಭಾರ ಹೊರುವ ಜಾಗಕ್ಕೆ ಹತ್ತಿ ದಾರ ಬೇಡ, ಪಾಲಿಯೆಸ್ಟರ್ ಇಲ್ಲವೇ ನೈಲಾನ್ ದಾರ ಹಾಕಿ ಅಂತ ಮಾತ್ರ ಹೇಳಿ.

ಟೆಂಟಿನ ಮೇಲ್ಬಟ್ಟೆಗೆ ಮಾತ್ರ ಯೋಚಿಸಿ ಕೊಡಿ. ಸೂಜಿ ಚುಚ್ಚಿದ ಪ್ರತಿ ಜಾಗವೂ ಮಳೆಗೆ ಒಂದು ರಂಧ್ರ. ಹೊಲಿದ ಮೇಲೆ ಸೀಲ್ ಮಾಡುವುದು ಅವರ ಕೆಲಸದಲ್ಲಿ ಬರುವುದಿಲ್ಲ, ಅದನ್ನು ನೀವೇ ಮಾಡಬೇಕು. ಡೌನ್, ಅಂದರೆ ಹಕ್ಕಿಯ ಮೆತ್ತನೆ ಗರಿ ತುಂಬಿದ ಸ್ಲೀಪಿಂಗ್ ಬ್ಯಾಗನ್ನಂತೂ ಅನುಭವ ಇಲ್ಲದವರಿಗೆ ಕೊಡಬೇಡಿ, ಒಂದು ಅಡ್ಡ ಹೊಲಿಗೆ ಹಾಕಿ ಗರಿ ಒತ್ತಿಬಿಟ್ಟರೆ ಆ ಜಾಗದಲ್ಲಿ ರಾತ್ರಿಯಿಡೀ ಚಳಿ.

ಯಾವುದಕ್ಕೆ ಯಾವ ದಾರಿ

ಮ್ಯಾಟ್‌ನಲ್ಲಿ ಎರಡು ಬಗೆಯ ಕಾಯಿಲೆ. ಸೂಜಿಯಷ್ಟು ತೂತಾದರೆ ಅದು ಪಂಕ್ಚರ್, ವಾರಂಟಿಗೆ ಸೇರದು. ಗಾಳಿ ತುಂಬಿ ಸೋಪ್ ನೀರು ಸವರಿ, ಗುಳ್ಳೆ ಬಂದ ಜಾಗಕ್ಕೆ ಪೆನ್ನಲ್ಲಿ ಸುತ್ತು ಹಾಕಿ, ಒಣಗಿಸಿ ತೇಪೆ ಹಾಕಿ. ಮಧ್ಯದಲ್ಲಿ ಬಲೂನಿನ ಹಾಗೆ ಒಂದು ಗಂಟು ಎದ್ದಿದ್ದರೆ ಮಾತ್ರ ಒಳಗಿನ ಅಂಟು ಬಿಟ್ಟಿದೆ ಅಂತ ಅರ್ಥ. ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದೇ ಇಲ್ಲ. ವಾರಂಟಿ ಕೇಳಲು ಇದಕ್ಕಿಂತ ಒಳ್ಳೆ ಕೇಸ್ ಸಿಗುವುದು ಅಪರೂಪ. ಥರ್ಮರೆಸ್ಟ್‌ನಂಥವರು ಮ್ಯಾಟ್‌ಗೆ ಲಿಮಿಟೆಡ್ ಲೈಫ್‌ಟೈಮ್ ವಾರಂಟಿ ಕೊಡುತ್ತಾರೆ. ಗಾಳಿ ತುಂಬಿದ ಮ್ಯಾಟನ್ನು ಬಿಸಿಲಿಗೆ, ಬಿಸಿಯಾದ ಕಾರಿನೊಳಗೆ ಬಿಟ್ಟಿದ್ದಿರಾ ಅಂತ ಕೇಳಿದರೆ ಉತ್ತರಕ್ಕೆ ತಯಾರಿರಿ.

ಟೆಂಟಿನ ತಳ, ಒಳಪದರ ಅಂಟಂಟಾಗಿ ಹಳಸಿದ ವಾಸನೆ ಬರುತ್ತಿದೆಯೇ? ಪಾಲಿಯುರೆಥೇನ್ ಲೇಪ ತೇವಕ್ಕೆ ಕರಗುತ್ತಿದೆ. ಒದ್ದೆ ಟೆಂಟನ್ನು ಮಡಚಿ ಇಟ್ಟರೆ ಬೇಗ, ಚೆನ್ನಾಗಿ ಇಟ್ಟರೂ ವರ್ಷಗಳ ಮೇಲೆ ಬರುವ ಪಾಡು ಇದು. ವಾರಂಟಿ ಸಿಗುವುದು ಕಷ್ಟ, ಟೈಲರ್ ಏನೂ ಮಾಡಲಾರ. ಲೇಪವನ್ನು ಉಜ್ಜಿ ತೆಗೆದು ಹೊಸದು ಬಳಿಯುವವರಿದ್ದಾರೆ, ಚಿಕ್ಕ ಟೆಂಟಿಗೆ ಸರಿ, ದೊಡ್ಡದಕ್ಕೆ ಅದೊಂದು ಪೀಕಲಾಟ. ಹಾಳಾದ ಭಾಗ ಮಾತ್ರ ಹೊಸದು ಸಿಗುತ್ತದಾ ಅಂತ ಕಂಪನಿಗೆ ಕೇಳಿ, ಸಿಗದಿದ್ದರೆ ಆ ಟೆಂಟನ್ನು ಬಿಟ್ಟುಬಿಡಿ.

ಡೌನ್ ಬ್ಯಾಗ್ ಚಪ್ಪಟೆಯಾಗಿದ್ದರೆ ಕಳಿಸುವ ಮುಂಚೆ ಡೌನ್‌ಗೆಂದೇ ಇರುವ ಸೋಪಿನಲ್ಲಿ ಒಗೆದು, ಪೂರ್ತಿ ಒಣಗಿಸಿ ನೋಡಿ. ಬೆವರು, ಎಣ್ಣೆ ಹೋದರೆ ಗರಿ ಮತ್ತೆ ಉಬ್ಬುತ್ತದೆ. ಗರಿ ಜಾರದಂತೆ ತಡೆಯುವ ಒಳಗಿನ ಬಟ್ಟೆಯ ಗೋಡೆ ಹರಿದು ಗರಿಯೆಲ್ಲ ಒಂದೇ ಕಡೆ ಸೇರಿದ್ದರೆ ಮಾತ್ರ ಕ್ಲೇಮ್.

ಬ್ಯಾಗಿನ ಫ್ರೇಮ್ ಮುರಿದರೆ ಕಂಪನಿಗೇ ಬರೆಯಿರಿ. ಓಸ್ಪ್ರೇ ಒಂದು ಕಾಲಕ್ಕೆ '1974ರಲ್ಲಿ ಕೊಂಡದ್ದಾಗಲಿ ನಿನ್ನೆ ಕೊಂಡದ್ದಾಗಲಿ' ರಿಪೇರಿ ಮಾಡುತ್ತೇವೆ ಅಂತಲೇ ಹೆಸರು ಮಾಡಿದ ಕಂಪನಿ. ಬ್ಯಾಗಿನವರು ಉಳಿದವರಿಗಿಂತ ಸ್ವಲ್ಪ ಉದಾರಿಗಳು ಅನ್ನುವುದು ನನ್ನ ಅಂದಾಜು. ವಿಮಾನದವರು ಎಸೆದು ಮುರಿದದ್ದಾದರೆ ಅದು ವಿಮಾನ ಕಂಪನಿಗೆ ಹೋಗಬೇಕಾದ ದೂರು, ಅಂತರರಾಷ್ಟ್ರೀಯ ಪ್ರಯಾಣವಾದರೆ ಬ್ಯಾಗ್ ಕೈಗೆ ಬಂದ ಏಳು ದಿನದೊಳಗೆ, ಲಿಖಿತವಾಗಿ.

ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ ಅನ್ನುವವರು: ಕಂಪನಿಗೆ ಬರೆದು ಉತ್ತರ ಬರುವವರೆಗೆ ಕಾಯಿರಿ, ಬರೆಯುವುದಕ್ಕೆ ಖರ್ಚಿಲ್ಲ. ಮುಂದಿನ ವಾರವೇ ಹೊರಡಬೇಕಾದವರು ವಾರಂಟಿಯ ಆಸೆ ಬಿಟ್ಟು ಬ್ಯಾಗ್ ಹೊಲಿಯುವವರ ಹತ್ತಿರ ಓಡಿ, ಇಲ್ಲ ಟೆಂಟ್ ಬಾಡಿಗೆಗೆ ತಂದು ನಿಮ್ಮದನ್ನು ಕ್ಲೇಮ್‌ಗೆ ಹಾಗೇ ಇಡಿ. ಅಗ್ಗದ ಟೆಂಟ್ ಇದ್ದವರು ಸಾಗಣೆ ಲೆಕ್ಕ ಹಾಕಿದರೆ ಅಲ್ಲೇ ಉತ್ತರ ಸಿಗುತ್ತದೆ.

ಕಂಪನಿಯವರು ರಿಪೇರಿ ಆಗಲ್ಲ, ಹೊಸದಕ್ಕೆ ಡಿಸ್ಕೌಂಟ್ ಕೊಡುತ್ತೇವೆ ಅಂತ ಬರೆದರೆ ತಕ್ಷಣ ಹೂಂ ಅನ್ನಬೇಡಿ. ಅದೇ ಮಾಡೆಲ್ ಸೀಸನ್ ಮುಗಿದ ಮೇಲಿನ ಸೇಲ್‌ನಲ್ಲಿ ಅದಕ್ಕಿಂತ ಕಡಿಮೆಗೆ ಸಿಗುತ್ತದಾ ನೋಡಿ. ಹಳೆಯದನ್ನು ವಾಪಸ್ ಕಳಿಸಿ ಅಂತ ಅದೇ ಪತ್ರದಲ್ಲಿ ಕೇಳಿ, ಕೇಳದಿದ್ದರೆ ಕೆಲವರು ಅಲ್ಲೇ ಎಸೆದುಬಿಡುತ್ತಾರೆ. ಬಂದ ಮೇಲೆ ಬಕಲ್, ಪೋಲ್, ಗೂಟ, ಸ್ಲೈಡರ್ ಎಲ್ಲ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಡಿ. ಅಂಗಡಿಯಲ್ಲಿ ಸಿಗದ ಅಳತೆಗಳು ಅದರಲ್ಲೇ ಸಿಗುತ್ತವೆ.